ಪಂಪ್ ಕೋಣೆಯ ನಿದ್ದೆ ಕೆಡಿಸಿದವಳ ಉತ್ತರ

ಮಾನ್ಯ ವಲಯಾಧಿಕಾರಿಗಳೇ,

ನಮ್ಮ ಅಡುಗೆಮನೆಯ ಗೋಡೆಯ ಆಚೆ ಒಬ್ಬ ಹೆಂಗಸಿದ್ದಾಳೆ. ಅವಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿದ್ದಾರೆ. ಮಂಗಳವಾರ ಮಧ್ಯಾಹ್ನ ಅವಳು ನನ್ನನ್ನು ಕರೆದಳು. ನನಗೆ ಹೋಗಲಾಗಲಿಲ್ಲ. ಆಮೇಲಿಂದ ಅವಳ ಸದ್ದಿಲ್ಲ. ಇದನ್ನು ಮೊದಲಿಗೇ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಅರ್ಜಿಯ ಮೊದಲ ಸಾಲುಗಳನ್ನಷ್ಟೇ ಓದುವ ವಾಡಿಕೆ ಇದೆಯೆಂದು ಕೇಳಿದ್ದೇನೆ. ಉಳಿದದ್ದನ್ನು ಪತ್ರಿಕೆ ಓದುವವರು ಓದಿಕೊಳ್ಳಲಿ. ಅದಕ್ಕೇ ಇದನ್ನು ನಿಮ್ಮ ಟಪಾಲು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ.

ನಿಮ್ಮ ನೋಟಿಸು ಬುಧವಾರ ಕೈಸೇರಿತು. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಿದೆಯೆಂದು ಬರೆದುಕೊಟ್ಟ ಅರ್ಜಿಗೆ ಎರಡು ಮಳೆಗಾಲ ಕಳೆದರೂ ಉತ್ತರ ಬಂದಿಲ್ಲ. ಇದು ಮಾತ್ರ ಒಂದೇ ದಿನಕ್ಕೆ ಬಂತು. ಕಚೇರಿ ಚುರುಕಾಗಿದೆ, ಸಂತೋಷ. ನೋಟಿಸಿನಲ್ಲಿ ಎರಡು ಮಾತುಗಳಿವೆ. ಒಂದು: ನಾನು ಪದೇ ಪದೇ ಗೋಡೆ ಬಡಿಯುತ್ತಿದ್ದು, ಅದರಿಂದ ಪಕ್ಕದ ಕಟ್ಟಡದ ನಿವಾಸಿಗಳ ನೆಮ್ಮದಿಗೆ ಭಂಗವಾಗುತ್ತಿದೆ, ಕೂಡಲೇ ನಿಲ್ಲಿಸತಕ್ಕದ್ದು. ಎರಡು: ಗೋಡೆಯ ಆಚೆ ಹೆಂಗಸೊಬ್ಬಳನ್ನು ಕೂಡಿಹಾಕಿದ್ದಾರೆಂಬ ನನ್ನ ದೂರನ್ನು ಪರಿಶೀಲಿಸಲಾಗಿ, ಮಂಜೂರಾದ ನಕ್ಷೆಯ ಪ್ರಕಾರ ಅದು ನೀರಿನ ಪಂಪ್ ಇಡುವ ಕೋಣೆಯಾಗಿದ್ದು, ಅಲ್ಲಿ ಜನವಸತಿ ಇರುವುದಿಲ್ಲ.

ನಾನು ಹೈಸ್ಕೂಲಿನವರೆಗೆ ಓದಿದವಳು. ನೀವು ಅದಕ್ಕಿಂತ ಹೆಚ್ಚು ಓದಿರುತ್ತೀರಿ. ಆದ್ದರಿಂದ ತಿಳಿದವರೇ ಹೇಳಿ. ಆ ಗೋಡೆಯ ಆಚೆ ಇರುವುದು ಬರೀ ಪಂಪ್ ಆದರೆ ನಾನು ತಟ್ಟಿದ್ದಕ್ಕೆ ನೆಮ್ಮದಿ ಕೆಟ್ಟದ್ದು ಯಾರಿಗೆ? ಪಂಪಿಗೆ ನಿದ್ದೆ ಕೆಡುತ್ತದೆಯೆ? ಅದು ಎದ್ದು, ಚಪ್ಪಲಿ ಮೆಟ್ಟಿಕೊಂಡು, ನಿಮ್ಮ ಕಚೇರಿಗೆ ನಡೆದು ಬಂದು ದೂರು ಕೊಟ್ಟಿತೆ? ಅಲ್ಲಿ ಯಾರಿಗೋ ಕೇಳಿಸುತ್ತಿದೆ ಎಂದಾದರೆ ಅಲ್ಲಿ ಯಾರೋ ಇದ್ದಾರೆ. ಯಾರೂ ಇಲ್ಲವೆಂದಾದರೆ ನನಗೆ ನೋಟಿಸು ಯಾಕೆ? ಎರಡೂ ಮಾತನ್ನು ಒಂದೇ ಹಾಳೆಯಲ್ಲಿ ಬರೆದು ಕೆಳಗೆ ಒಂದೇ ರುಜು ಹಾಕುವಾಗ ನಿಮ್ಮ ಕೈ ತಡೆಯಲಿಲ್ಲವೆ?

ತಟ್ಟುವುದು ಎಂದರೇನೆಂದು ನಿಮಗೆ ಗೊತ್ತಿಲ್ಲದಿರಬಹುದು. ನಿಮ್ಮ ಕಚೇರಿ ಈ ಬೀದಿಯನ್ನು ನಕ್ಷೆಯಲ್ಲಿ ಮಾತ್ರ ನೋಡಿದೆ. ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದಾಗ ಇದು ಒಂದೇ ಸಾಲಿನ ಹೆಂಚಿನ ಮನೆಗಳ ಬೀದಿ. ಪ್ರತಿ ಎರಡು ಮನೆಗೆ ನಡುವೆ ಒಂದೇ ಗೋಡೆ. ನಮ್ಮಪ್ಪ ಕನ್ನಡಕದ ಗಾಜು ಉಜ್ಜುವವರು. ಎಡಗಡೆ ಮನೆಯವರು ಪುಸ್ತಕದ ಬೈಂಡಿಂಗ್ ಮಾಡುವವರು. ಬೀದಿಯ ಮಕ್ಕಳಿಗೆಲ್ಲ ಅವರು ಬೈಂಡಿಂಗ್ ಮಾಮ. ಬಲಗಡೆ ಕೊಡೆ ರಿಪೇರಿಯವರ ದೊಡ್ಡ ಸಂಸಾರ. ಆ ಸಂಸಾರದ ಹಿರಿಮಗನಿಗೇ ನನ್ನನ್ನು ಕೊಟ್ಟರು. ಹೀಗಾಗಿ ನನ್ನ ತವರಿಗೂ ಗಂಡನ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ ಅಷ್ಟೆ. ಜಗಳವಾದರೆ ಗಂಟು ಕಟ್ಟಿಕೊಂಡು ತವರಿಗೆ ಹೊರಡುತ್ತೇನೆಂದು ಹೆದರಿಸುವ ಸುಖ ನನಗೆ ಸಿಗಲಿಲ್ಲ. ನಾನು ಬಾಯಿ ತೆಗೆದರೆ ಸಾಕು, ನಮ್ಮಮ್ಮ ಆಚೆಯಿಂದಲೇ, "ಏ, ಮೊದಲು ಅತ್ತೆಗೆ ಬಡಿಸೆ, ಆಮೇಲೆ ಅಳುವೆಯಂತೆ" ಎನ್ನುತ್ತಿದ್ದಳು. ನಮ್ಮತ್ತೆಯೂ ಅಷ್ಟೆ, ನನ್ನನ್ನು ಬೈಯಬೇಕಾದರೆ ಬೀದಿಬಾಗಿಲಿಗೆ ಬಂದು ಬೈಯುತ್ತಿದ್ದರು. ಅಡುಗೆಮನೆಯಲ್ಲಿ ಬೈದರೆ ಬೀಗಿತ್ತಿಗೆ ಕೇಳಿಸುತ್ತದಲ್ಲ.

ಪ್ರತಿ ಅಡುಗೆಮನೆಯ ಗೋಡೆಯಲ್ಲೂ ಒಲೆಯ ಪಕ್ಕ ಒಂದು ಅಂಗೈಯಗಲದ ಜಾಗವನ್ನು ಖಾಲಿ ಬಿಡುತ್ತಿದ್ದರು. ಅಲ್ಲಿ ಮೊಳೆ ಹೊಡೆಯುವಂತಿಲ್ಲ, ಪಾತ್ರೆ ಒರಗಿಸುವಂತಿಲ್ಲ. ಅದು ತಟ್ಟುವ ಜಾಗ. ಬೆಳಿಗ್ಗೆ ಎದ್ದ ಹೆಂಗಸು ಲಟ್ಟಣಿಗೆಯಿಂದ ಅಲ್ಲಿ ಒಂದು ಸಲ ತಟ್ಟಿದರೆ 'ಎದ್ದಿದ್ದೇನೆ, ಚೆನ್ನಾಗಿದ್ದೇನೆ' ಎಂದು ಅರ್ಥ. ಆಚೆಯವಳು ಒಂದು ಸಲ ತಿರುಗಿ ತಟ್ಟಬೇಕು. ಎರಡು ಸಲ ತಟ್ಟಿದರೆ 'ಬಿಡುವಾದಾಗ ಬಾ.' ಬಿಡದೆ ತಟ್ಟಿದರೆ 'ಓಡಿ ಬಾ.' ಅದನ್ನು ಕೇಳಿದವರು ಬಾಗಿಲಿಗೆ ಹೋಗುವ ಮೊದಲು ತಮ್ಮ ಇನ್ನೊಂದು ಗೋಡೆಗೆ ಹೋಗಿ ಹಾಗೆಯೇ ಬಿಡದೆ ತಟ್ಟಿ, ಸುದ್ದಿಯನ್ನು ಮುಂದೆ ಕಳಿಸಿ, ಆಮೇಲೆ ಓಡಬೇಕು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಇಡೀ ಸಾಲು ಬೀದಿಗೆ ಬಂದಿರುತ್ತಿತ್ತು. ತಮಾಷೆಗೆ ಬಿಡದೆ ತಟ್ಟಿದ ಮಕ್ಕಳಿಗೆ ಸಿಕ್ಕುತ್ತಿದ್ದ ಏಟು ಜನ್ಮಕ್ಕೆ ಮರೆಯುವಂಥದ್ದಲ್ಲ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ನಮ್ಮಮ್ಮನ ಸೀಮೆಎಣ್ಣೆ ಸ್ಟವ್ ಸಿಡಿದು ಸೆರಗಿಗೆ ಬೆಂಕಿ ಹತ್ತಿತು. ಅಮ್ಮ ಕೂಗಲಿಲ್ಲ. ಉರಿಯುತ್ತಲೇ ಗೋಡೆ ತಟ್ಟಿದಳು. ಬೈಂಡಿಂಗ್ ಮಾಮ ಕೈಯಲ್ಲಿದ್ದ ಹಿಟ್ಟಿನ ಅಂಟಿನ ಬಕೆಟ್ಟಿನ ಸಮೇತ ಓಡಿಬಂದು ಅಷ್ಟನ್ನೂ ಅವಳ ಮೇಲೆ ಸುರಿದುಬಿಟ್ಟರು. ಬೆಂಕಿ ಆರಿತು. ಅಮ್ಮನ ಕೈ ಸುಟ್ಟಿತ್ತು, ಜೀವ ಉಳಿದಿತ್ತು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ತಲೆಯಿಂದ ಕಾಲಿನವರೆಗೆ ಅಂಟಾಗಿ ಕೂತಿದ್ದ ಅಮ್ಮ ನಡುಗುತ್ತಲೇ, "ಇನ್ನೆರಡು ರಟ್ಟು ತಂದು ಅಂಟಿಸಿಬಿಡಿ ಅಣ್ಣಾ, ಲೈಬ್ರರಿಲಿ ಇಡಬಹುದು ನನ್ನ" ಎಂದಳು. ಮಾಮ ನಕ್ಕು, ಆಮೇಲೆ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತುಬಿಟ್ಟರು. ಅವತ್ತು ಯಾರೂ ಯಾರನ್ನೂ ನಿಮ್ಮ ಮನೆ ನಂಬರೇನು ಎಂದು ಕೇಳಲಿಲ್ಲ.

ಆ ಬೀದಿ ಒಂದೇ ದಿನಕ್ಕೆ ಹೋಗಲಿಲ್ಲ, ಹೋದದ್ದು ಗೊತ್ತೂ ಆಗಲಿಲ್ಲ. ಮೊದಲು ಹಗಲಲ್ಲೂ ಬಾಗಿಲಿಗೆ ಅಗುಳಿ ಬಂತು. ಆಮೇಲೆ ಕಬ್ಬಿಣದ ಗ್ರಿಲ್ಲು, ಆಮೇಲೆ ಕರೆಗಂಟೆ. ಗಾಜು ಉಜ್ಜುವ ಕೆಲಸ ಕಾರ್ಖಾನೆಗೆ ಹೋಯಿತು. ಕೊಡೆ ಮುರಿದರೆ ಜನ ಹೊಸದು ಕೊಂಡರು. ಬೈಂಡಿಂಗ್ ಮಾಮನ ಮಕ್ಕಳು ಮನೆ ಮಾರಿದರು. ನಮ್ಮಮ್ಮ ಹೋದ ಮೇಲೂ ಅತ್ತಿಗೆ ದಿನಾ ಬೆಳಿಗ್ಗೆ ತಟ್ಟುತ್ತಿದ್ದಳು. ಕೊನೆಗೆ ಅಣ್ಣನೂ ಮಾರಿದ. ಅವನನ್ನು ದೂರುವುದಿಲ್ಲ, ಸುತ್ತಲಿನದ್ದೆಲ್ಲ ಕಿತ್ತು ನಡುವೆ ಒಂದೇ ಹಲ್ಲು ಉಳಿಸಿದರೆ ಅದು ಎಷ್ಟು ದಿನ ನಿಲ್ಲುತ್ತದೆ? ಈಗ ನನ್ನ ತವರಿದ್ದ ಜಾಗದಲ್ಲಿ ಹತ್ತು ಅಂತಸ್ತಿನ ಕಟ್ಟಡವಿದೆ. ಇನ್ನೊಂದು ಪಕ್ಕದಲ್ಲಿ ಹಾಸಿಗೆ ಅಂಗಡಿಯ ಗೋದಾಮು. ನಡುವೆ ನಾವು. ನನ್ನ ಮನೆ ಬೀಳುತ್ತದೆಂಬ ಭಯಕ್ಕೆ ನಡುವಿನ ಗೋಡೆಯನ್ನು ಕೆಡವದೆ, ಅದಕ್ಕೆ ಆತುಕೊಂಡೇ ಕಟ್ಟಡ ಎಬ್ಬಿಸಿದರು. ಹಾಗಾಗಿ ನಮ್ಮಮ್ಮನ ಅಡುಗೆಮನೆ ಇದ್ದಲ್ಲಿ ಈಗ ನಿಮ್ಮ ನಕ್ಷೆಯ ಪಂಪ್ ಕೋಣೆ ಇದೆ. ಗೋಡೆ ಅದೇ. ತಟ್ಟುವ ಜಾಗವೂ ಅದೇ.

ಬೆಳಿಗ್ಗೆ ಎದ್ದು ಒಂದು ಸಲ ತಟ್ಟುವುದನ್ನು ನಾನು ನಿಲ್ಲಿಸಲಿಲ್ಲ. "ಅತ್ತೆ, ಆ ಕಡೆ ಯಾರಿದಾರೆ ಅಂತ ತಟ್ತೀರಾ?" ಎಂದು ಸೊಸೆ ಕೇಳುತ್ತಿದ್ದಳು. "ಹಲ್ಲುಜ್ಜುವಾಗ ಯಾರು ನೋಡ್ತಾರೆ ಅಂತ ಉಜ್ಜುತೀಯೆ ನೀನು?" ಎನ್ನುತ್ತಿದ್ದೆ. ಹೀಗಿರುವಾಗ ಹೋದ ಚಳಿಗಾಲದ ಒಂದು ಬೆಳಿಗ್ಗೆ ಆಚೆಯಿಂದ ಉತ್ತರ ಬಂತು. ಒಂದೇ ಒಂದು ತಟ್ಟು. ಕೈಯಲ್ಲಿದ್ದ ಲಟ್ಟಣಿಗೆ ಕೆಳಗೆ ಬಿತ್ತು. ನಾನು ದೆವ್ವ ಭೂತ ನಂಬುವವಳಲ್ಲ, ಆದರೂ ಅವತ್ತು ಒಲೆ ಹಚ್ಚಲು ಕಡ್ಡಿಯ ಮೇಲೆ ಕಡ್ಡಿ ಗೀರಬೇಕಾಯಿತು. ಮಾರನೆಯ ದಿನವೂ ಉತ್ತರ ಬಂತು. ಅದರ ಮಾರನೆಯ ದಿನವೂ.

ನಮ್ಮ ಹಿತ್ತಿಲಿಗೂ ಆ ಕಟ್ಟಡಕ್ಕೂ ನಡುವೆ ಮೈ ಓರೆ ಮಾಡಿಕೊಂಡು ಹೋಗುವಷ್ಟು ಸಂದಿ ಇದೆ. ಮೇಲೆ, ಕೈಗೆ ಎಟುಕದ ಎತ್ತರದಲ್ಲಿ ಪಂಪ್ ಕೋಣೆಯ ಗವಾಕ್ಷಿ. ಒಂದು ದಿನ ಬಟ್ಟೆ ಒಗೆಯುತ್ತಿದ್ದಾಗ ಆ ಗವಾಕ್ಷಿಯಿಂದ ದನಿ ಬಂತು.

"ದಿನಾ ತಟ್ಟೋದು ನೀವೇನಾ?"

"ಹೌದು, ನಾನೇ. ನೀನ್ಯಾರೆ?"

"ಮೇಲಿನ ಮನೆಗೆ ಕೆಲಸಕ್ಕಿದೀನಿ ಅಮ್ಮ. ಮೆಲ್ಲಗೆ ಮಾತಾಡಿ."

"ಅದು ಪಂಪಿಡೋ ಜಾಗ ಅಲ್ವಾ?"

"ಪಂಪೂ ಇದೆ, ನಾನೂ ಇದೀನಿ. ಅದು ಗೊರಕೆ ಹೊಡೆಯುತ್ತೆ, ನಾನು ಕೇಳಿಸ್ಕೊಂಡು ಬಿದ್ದಿರ್ತೀನಿ."

ನಗು ಬಂತು ನನಗೆ. "ಹಾಗಾದ್ರೆ ಈ ಕಡೆ ಬಂದು ಒಂದು ಲೋಟ ಚಹಾ ಕುಡಿದು ಹೋಗೆ" ಎಂದೆ.

"ಬೀಗ ಆಚೆಯಿಂದ ಹಾಕಿರ್ತಾರಮ್ಮ. ಮೇಲೆ ಕೆಲಸ ಇದ್ದಾಗ ತೆಗೀತಾರೆ."

"ಯಾಕೆ? ಏನಾದ್ರೂ ಕದ್ದಿದೀಯಾ?"

"ಕದ್ದೋರಿಗಾದ್ರೆ ಜೈಲಲ್ಲಿ ಇಂತಿಷ್ಟು ದಿನ ಅಂತ ಇರುತ್ತೆ" ಎಂದಳು. "ಇವರಿಗೆ ನಾನೆಲ್ಲಿ ಬಿಟ್ಟು ಹೋಗ್ಬಿಡ್ತೀನೋ ಅಂತ ಭಯ."

ನಾನು ಆಗಲೇ ಸೆರಗು ಬಿಗಿದು ಹೊರಟಿದ್ದೆ. ಅವಳೇ ತಡೆದಳು. ಗುರುತಿನ ಕಾಗದಗಳೆಲ್ಲ ಆ ಮನೆಯವರ ಹತ್ತಿರ ಇವೆ, ತಂಗಿ ಬಂದು ಬಿಡಿಸಿಕೊಂಡು ಹೋಗುವವರೆಗೆ ಗಲಾಟೆ ಮಾಡಬೇಡಿ, ಗಲಾಟೆಯಾದರೆ ಅನುಭವಿಸಬೇಕಾದವಳು ನಾನು ಎಂದು ಬೇಡಿಕೊಂಡಳು. ಒಳಗಿರುವವಳ ಕಷ್ಟ ಹೊರಗಿರುವವಳಿಗಿಂತ ಅವಳಿಗೇ ಹೆಚ್ಚು ಗೊತ್ತು ಎಂದುಕೊಂಡು ಸುಮ್ಮನಾದೆ. ಆದರೆ ನಮ್ಮ ಸಾಲಿನ ತಟ್ಟುವ ಕ್ರಮವನ್ನೆಲ್ಲ ಹೇಳಿಕೊಟ್ಟೆ.

"ಬಿಡದೆ ತಟ್ಟಿದ್ರೆ ನಿಜವಾಗ್ಲೂ ಬರ್ತೀರಾ?" ಎಂದು ಕೇಳಿದಳು.

"ಈ ಸಾಲಲ್ಲಿ ಹುಟ್ಟಿದವಳು ಕಣೆ ನಾನು. ಒಲೆ ಮೇಲೆ ಏನಿದ್ರೂ ಬಿಟ್ಟು ಬರ್ತೀನಿ."

ಅಧಿಕಾರಿಗಳೇ, ಆ ಮಾತನ್ನು ಕೊಟ್ಟವಳು ನಾನು. ಆದರೆ ಅದನ್ನು ನಡೆಸಿಕೊಡಲು ಬೇಕಾದ ಬೀದಿ ಈಗ ಇಲ್ಲವೆಂಬುದು ಕೊಡುವಾಗ ನನಗೆ ಹೊಳೆಯಲಿಲ್ಲ.

ಸ್ವಲ್ಪ ದಿನಕ್ಕೆ ಆ ಗವಾಕ್ಷಿಗೆ ತಗಡು ಹೊಡೆದರು. ಮಾತು ನಿಂತಿತು, ಬೆಳಗಿನ ತಟ್ಟು ಉಳಿಯಿತು. ಮಂಗಳವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ತೊಳೆಯುತ್ತಿದ್ದೆ. ಗೋಡೆ ಬಡಿಯತೊಡಗಿತು. ಒಂದಲ್ಲ, ಎರಡಲ್ಲ, ಬಿಡದೆ. ಲಟ್ಟಣಿಗೆಯ ಸದ್ದಲ್ಲ ಅದು. ಬರಿಗೈಯ ಸದ್ದು, ಅಂಗೈಯದು. ಆಗ ನಾನು ಮಾಡಿದ್ದೇನು ಗೊತ್ತೆ? ಬಾಗಿಲಿಗೆ ಓಡಲಿಲ್ಲ. ಕಲಿತದ್ದನ್ನೇ ಮಾಡಿದೆ. ಇನ್ನೊಂದು ಗೋಡೆಗೆ ಹೋಗಿ ಲಟ್ಟಣಿಗೆಯಿಂದ ಬಿಡದೆ ತಟ್ಟಿದೆ, ಸುದ್ದಿ ಮುಂದೆ ಹೋಗಲಿ ಎಂದು. ತಟ್ಟಿ ತಟ್ಟಿ ಗಾರೆ ಉದುರಿತು. ಎಷ್ಟೋ ಹೊತ್ತಾದ ಮೇಲೆ ನೆನಪಾಯಿತು, ಆ ಕಡೆ ಇರುವುದು ಹಾಸಿಗೆಗಳು. ಮಾಡಿನವರೆಗೆ ಒಂದರ ಮೇಲೊಂದು ಪೇರಿಸಿಟ್ಟ ಹೊಸ ಹಾಸಿಗೆಗಳು. ಆ ಗೋಡೆಗೆ ನಾನು ತಲೆ ಚಚ್ಚಿಕೊಂಡರೂ ಆಚೆ ಸೊಳ್ಳೆಗೂ ಎಚ್ಚರವಾಗುವುದಿಲ್ಲ. ಆ ಹೊತ್ತನ್ನು ನಾನು ಅಲ್ಲಿ ಹಾಳುಮಾಡಿದೆ. ತಿರುಗಿ ಬರುವಷ್ಟರಲ್ಲಿ ಅಂಗೈಯ ಸದ್ದು ನಿಧಾನವಾಗಿತ್ತು.

ಬರಿಗಾಲಲ್ಲಿ ಕಟ್ಟಡದ ಗೇಟಿಗೆ ಹೋದೆ. ನನ್ನ ತವರಿನ ಹೊಸ್ತಿಲು ಇದ್ದ ಜಾಗದಲ್ಲಿ ಈಗ ಕಾವಲಿನವನ ಕುರ್ಚಿ ಇದೆ. ನಾನು ಅಂಬೆಗಾಲಿಟ್ಟು ದಾಟಿದ ಜಾಗದಲ್ಲಿ ನಿಲ್ಲಿಸಿ ಅವನು ಕೇಳಿದ: "ಯಾರ ಮನೆಗಮ್ಮ?"

"ಗೋಡೆ ಆಚೆ ಮನೆಗೆ."

"ಫ್ಲಾಟ್ ನಂಬರ್ ಹೇಳಿ. ಫೋನ್ ಮಾಡಿ ಕೇಳ್ತೀನಿ. ಅವರು ಬಿಡು ಅಂದ್ರೆ ಬಿಡ್ತೀನಿ."

"ಅವಳ ಹತ್ರ ಫೋನಿಲ್ಲ. ಪಂಪ್ ರೂಮಲ್ಲಿದಾಳೆ. ಬೀಗ ತೆಗಿ."

"ಪಂಪ್ ರೂಮಿಗೆ ಯಾರೂ ವಿಸಿಟರ್ ಬರಲ್ಲಮ್ಮ" ಎಂದ. ಅವನೂ ಹೆದರಿದ್ದ, ಮುಖ ತಪ್ಪಿಸುತ್ತಿದ್ದ. "ಅಜ್ಜಿ, ನಂದು ಗೇಟಿನ ಕೆಲಸ. ಗೇಟಿನಿಂದ ಒಳಗಿಂದು ನಂಗೆ ಕೇಳ್ಬೇಡಿ."

ಕೂಗಿದೆ. ನನ್ನ ದನಿ ಎಂಥದ್ದೆಂದು ಈ ಬೀದಿಗೆ ಗೊತ್ತಿತ್ತು. ಮೂರು ನಾಲ್ಕು ಬಾಲ್ಕನಿಗಳಲ್ಲಿ ಜನ ಇಣುಕಿದರು. ಒಬ್ಬರು ಮೊಬೈಲಿನಲ್ಲಿ ನನ್ನ ಚಿತ್ರ ತೆಗೆದುಕೊಂಡರು. ಯಾರೂ ಇಳಿದು ಬರಲಿಲ್ಲ. ಪೊಲೀಸರಿಗೆ ಫೋನು ಮಾಡಿಸಿದೆ, ಬಂದರು. ಕಟ್ಟಡದ ಸಂಘದ ಕಾರ್ಯದರ್ಶಿ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಇಳಿದು ಬಂದು ನಗುನಗುತ್ತಾ, "ಪೈಪಲ್ಲಿ ಗಾಳಿ ಸೇರಿದ್ರೆ ಹಾಗೇ ಬಡಿಯುತ್ತೆ ಸಾರ್, ಪಾಪ ಇವರಿಗೆ ವಯಸ್ಸಾಗಿದೆ" ಎಂದರು. ಕೋಣೆಯ ಕೀಲಿ ಪಂಪ್ ರಿಪೇರಿಯವನ ಹತ್ತಿರವಂತೆ. ಅವನು ರಜೆಯಂತೆ. ಮೇಲಿನ ಮನೆಯವರು ಊರಲ್ಲಿಲ್ಲವಂತೆ. ಪೊಲೀಸರು ಹೊರಗಿನಿಂದ ಬಾಗಿಲನ್ನು ನೋಡಿ, ಬೀಗ ಗಟ್ಟಿಯಾಗಿದೆಯೆಂದು ಎಳೆದು ಖಚಿತಪಡಿಸಿಕೊಂಡು, ಕಟ್ಟಡದ ವಿಷಯ ವಲಯ ಕಚೇರಿಗೆ ಸೇರಿದ್ದೆಂದು ಹೇಳಿ ಹೋದರು. ಅದೇ ಸಂಜೆ ನಿಮ್ಮ ಕಚೇರಿಗೆ ಬಂದೆ. ಮಿಕ್ಕದ್ದು ನಿಮಗೆ ಗೊತ್ತಿದೆ, ಏಕೆಂದರೆ ಅದಕ್ಕೆ ನೀವೇ ರುಜು ಹಾಕಿದ್ದೀರಿ.

ಮಗ ಹೇಳುತ್ತಾನೆ, "ಅಮ್ಮ, ನೀನು ಮಾಡೋದೆಲ್ಲ ಮಾಡಿದೀಯ. ಅವಳನ್ನ ಎಲ್ಲೋ ಬೇರೆ ಕಡೆ ಕಳಿಸಿರ್ತಾರೆ. ಸುಮ್ನೆ ಊರ ಉಸಾಬರಿ ಮೈಮೇಲೆ ಎಳ್ಕೋಬೇಡ." ನನ್ನ ಮಗ ಕೆಟ್ಟವನಲ್ಲ. ಅವನು ಬೆಳೆಯುವ ಹೊತ್ತಿಗೆ ಗೋಡೆಗಳು ಮಾತಾಡುವುದನ್ನು ನಿಲ್ಲಿಸಿದ್ದವು. ಊರ ಉಸಾಬರಿಯಿಂದಲೇ ಅವನ ಅಜ್ಜಿ ಬದುಕಿದ್ದಳೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ನಾನು ಹೆದರುವವಳೆಂದು ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಗಂಡ ತೀರಿಕೊಂಡ ವರ್ಷ ಬಿಲ್ಡರು ಕಳಿಸಿದ ದಾಂಡಿಗರನ್ನು ಜಗಲಿಯಲ್ಲೇ ನಿಲ್ಲಿಸಿ ವಾಪಸು ಕಳಿಸಿದವಳು ನಾನು. ಆದರೆ ಈಗ ಹೆದರಿದ್ದೇನೆ. ಬುಧವಾರ ಬೆಳಿಗ್ಗೆ ತಟ್ಟಿದೆ, ಉತ್ತರವಿಲ್ಲ. ನಿಮ್ಮ ನೋಟಿಸು ಬಂದ ಮೇಲೂ ತಟ್ಟಿದೆ, ಇಂದು ಗುರುವಾರವೂ ತಟ್ಟಿದೆ. ಗೋಡೆಗೆ ಕಿವಿ ಇಟ್ಟರೆ ಪಂಪಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಪಂಪು ನಿಂತಾಗ ಇನ್ನೂ ಹೆಚ್ಚು ಭಯವಾಗುತ್ತದೆ, ಏಕೆಂದರೆ ಆಗ ಏನೂ ಕೇಳಿಸುವುದಿಲ್ಲವೆಂಬುದು ಚೆನ್ನಾಗಿ ಕೇಳಿಸುತ್ತದೆ. ನಿನ್ನೆ ಸೊಸೆ ಬಂದಾಗ ನಾನು ಕೆನ್ನೆಯನ್ನು ಗೋಡೆಗೊತ್ತಿ ಕೂತಿದ್ದೆನಂತೆ. "ಅತ್ತೆ, ಏಳಿ" ಎಂದಳು. ಏಳಲಾಗಲಿಲ್ಲ. ಆಮೇಲೆ ಅವಳೂ ಪಕ್ಕದಲ್ಲಿ ಕೂತು ಕಿವಿ ಇಟ್ಟಳು. ನನ್ನನ್ನು ಗೇಲಿ ಮಾಡುತ್ತಿದ್ದ ಹುಡುಗಿ ಅವಳು.

ಆ ಕೋಣೆಗೆ ಈಗ ಗಾಳಿಯ ದಾರಿಯಿಲ್ಲ. ಮೇಲಿನ ಮನೆಯವರು ಊರಲ್ಲಿಲ್ಲವೆಂದರೆ ಅವಳಿಗೆ ಅನ್ನ ನೀರು ಕೊಡುವವರು ಯಾರು? ನೀವು ಹೇಳಬಹುದು, ಬೀಗ ಒಡೆಯಲು ಕ್ರಮವಿದೆ, ಅನುಮತಿ ಬೇಕು, ನಕ್ಷೆ ತರಿಸಬೇಕು ಎಂದು. ಸ್ವಾಮಿ, ನಮ್ಮ ಸಾಲಿನಲ್ಲಿ ಒಂದು ಕ್ರಮವಿತ್ತು, ಅದನ್ನು ನಿಮ್ಮ ಕಚೇರಿ ಮನೆಗೊಂದು ಮಂಜೂರಾತಿ ಕೊಟ್ಟು ಕಿತ್ತುಹಾಕಿತು. ಕಿತ್ತುಹಾಕಿದ ಮೇಲೆ ಅದರ ಕೆಲಸ ಈಗ ಯಾರದು? ಬಿಡದೆ ತಟ್ಟಿದರೆ ಓಡಿಬರುವವರು ಯಾರು? ಅದು ನೀವಲ್ಲದಿದ್ದರೆ ಯಾರೆಂದು ಬರೆದು ತಿಳಿಸಿ, ಅವರ ಬಾಗಿಲಿಗೆ ಹೋಗುತ್ತೇನೆ.

ನನ್ನ ಬೇಡಿಕೆ ಇಷ್ಟೆ. ಈ ಪತ್ರಿಕೆ ನಿಮ್ಮ ಮೇಜಿಗೆ ಬಂದ ಕೂಡಲೇ, ಚಹಾ ಬರುವುದನ್ನು ಕಾಯದೆ, ಬೀಗ ಒಡೆಯುವವನೊಬ್ಬನನ್ನೂ ಒಬ್ಬ ವೈದ್ಯರನ್ನೂ ಕರೆದುಕೊಂಡು ಬನ್ನಿ. ಗೇಟಿನ ಹತ್ತಿರ ನಾನೂ ನನ್ನ ಸೊಸೆಯೂ ನಿಂತಿರುತ್ತೇವೆ. ಮಗನೂ ರಜೆ ಹಾಕಿ ಬರುತ್ತೇನೆಂದು ಈಗಷ್ಟೇ ಹೇಳಿದ. ಇದನ್ನು ಓದಿದವರಲ್ಲಿ ಯಾರಿಗೆ ಹತ್ತಿರವೋ ಅವರೂ ಬರಲಿ. ಬಾಗಿಲು ತೆಗೆದಾಗ ಅವಳಿದ್ದರೆ ಮೊದಲು ನೀರು ಕೊಡಿ, ಪ್ರಶ್ನೆ ಆಮೇಲೆ. ನಿಮ್ಮ ಪ್ರಶ್ನೆಗಳಿಗೆ ಹೆದರಿ ಅವಳು ಸುಮ್ಮನಾದರೆ ಅವಳ ಕೈ ಹಿಡಿದುಕೊಳ್ಳಲು ನನ್ನನ್ನು ಬಿಡಿ. ಅವಳ ಮುಖ ನಾನು ನೋಡಿಲ್ಲ, ಆದರೆ ನನ್ನ ದನಿ ಅವಳಿಗೆ ಗೊತ್ತು.

ಬಾಗಿಲು ತೆಗೆದಾಗ ಒಳಗೆ ಪಂಪು ಮಾತ್ರ ಇದ್ದರೆ, ಅವಳು ತಂಗಿಯ ಜೊತೆ ಎಂದೋ ಹೊರಟುಹೋಗಿ ಎಲ್ಲೋ ಕೂತು ಈ ಮುದುಕಿಯನ್ನು ನೆನೆದು ನಗುತ್ತಿದ್ದರೆ, ಅದೇ ಗೇಟಿನಲ್ಲಿ, ಅದೇ ಬಾಲ್ಕನಿಗಳ ಕೆಳಗೆ, ಎಲ್ಲರೂ ಮೊಬೈಲು ಹಿಡಿದಿರುವಾಗಲೇ ನಿಮ್ಮ ಕ್ಷಮೆ ಕೇಳುತ್ತೇನೆ. ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ತಪ್ಪಾಯಿತೆಂದು ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ. ನಮ್ಮತ್ತೆಯ ಮುಂದೆಯೂ ಇಲ್ಲ. ಈ ಸಲ ಒಪ್ಪಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದೇನೆ. ದಯವಿಟ್ಟು ಬಂದು, ನಾನು ತಪ್ಪೆಂದು ತೋರಿಸಿಕೊಡಿ.

ಇಂತಿ,
ಕೊಟ್ಟ ಮಾತಿಗೆ ಒಂದು ಗೋಡೆಯಷ್ಟು ದೂರದಲ್ಲೇ ನಿಂತುಹೋದ,
ಸಾಲಿನ ಕೊನೆಯ ಮನೆಯವಳು